ಡಿಸೆಂಬರ್ ರಜೆಗೆ ಕಾಫಿ ತೋಟದ ಹೋಂಸ್ಟೇ: "ಆ ವಾರ ಬೇಡ ಸರ್" ಅಂತಾರಲ್ಲ, ಯಾಕೆ?

ಸದಾ_ರಜೆ · ಬೆಂಗಳೂರು · ನವೆಂಬರ್ 9, ರಾತ್ರಿ 10:12

ಎಲ್ಲರಿಗೂ ನಮಸ್ಕಾರ. ಮಗನ ಶಾಲೆಗೆ ಡಿಸೆಂಬರ್ 24ರಿಂದ ಜನವರಿ 1ರವರೆಗೆ ರಜೆ. ನಮ್ಮ ಆಫೀಸಿನಲ್ಲೂ ಆ ವಾರ ಯಾರೂ ಕೆಲಸ ಮಾಡುವುದಿಲ್ಲ, ಸುಮ್ನೆ ಲ್ಯಾಪ್‌ಟಾಪ್ ತೆರೆದಿಟ್ಟು ಕೂತಿರುತ್ತಾರೆ. ಅದಕ್ಕೆ ಈ ಸಲ ಮೂರು ರಾತ್ರಿ ಚಿಕ್ಕಮಗಳೂರು ಅಥವಾ ಕೊಡಗಿನ ಕಡೆ ಒಂದು ಹೋಂಸ್ಟೇ ನೋಡುತ್ತಿದ್ದೇನೆ.

ನಾವು ಐದು ಜನ. ನಾನು, ಹೆಂಡತಿ, ಏಳು ವರ್ಷದ ಮಗ, ಅಪ್ಪ, ಅಮ್ಮ. ಅಪ್ಪನಿಗೆ ಮೊಣಕಾಲು ನೋವು. ಬೆಟ್ಟ ಹತ್ತುವ ಆಸೆ ಯಾರಿಗೂ ಇಲ್ಲ. ಹೊರಗೆ ಮಂಜು, ಒಳಗೆ ಬೆಂಕಿ, ಕೈಯಲ್ಲಿ ಕಾಫಿ. ಮೂರು ದಿನ ನನ್ನನ್ನು ಯಾರೂ ಮಾತಾಡಿಸಬಾರದು. ಇಷ್ಟೇ ಆಸೆ.

ಫೋನ್ ಮಾಡಿದ ಕಡೆಯೆಲ್ಲ ರೇಟು ದುಪ್ಪಟ್ಟು. ಅದು ಹೋಗಲಿ. ಒಬ್ಬರಂತೂ "ಆ ವಾರ ಕುಯ್ಲು ಜೋರು ಸರ್, ಜನವರಿ ಕೊನೆಗೆ ಬನ್ನಿ, ಆರಾಮಾಗಿ ಇರಬಹುದು" ಅಂದುಬಿಟ್ಟರು. ದುಡ್ಡು ಕೊಡುತ್ತೇನೆ ಅಂದರೂ ಬೇಡ ಅನ್ನುವ ವ್ಯಾಪಾರ ನಾನು ನೋಡಿದ್ದು ಇದೇ ಮೊದಲು. ಏನಿದರ ಕಥೆ? ಗೊತ್ತಿರುವವರು ಹೇಳಿ.

ತೋಟದಮನೆ · ಮೂಡಿಗೆರೆ · ನವೆಂಬರ್ 10, ಬೆಳಿಗ್ಗೆ 5:48

ಆ ಫೋನ್ ಎತ್ತಿದ್ದು ನಾನಲ್ಲ. ಆದರೆ ನಾನೂ ಎಷ್ಟೋ ಜನಕ್ಕೆ ಹಾಗೇ ಹೇಳಿದ್ದೇನೆ. ನಮ್ಮದು ಮೂರು ರೂಮಿನ ಹೋಂಸ್ಟೇ, ಶುರು ಮಾಡಿ ಹನ್ನೊಂದು ವರ್ಷ ಆಯಿತು.

ಪೇಟೆಯವರಿಗೆ ಡಿಸೆಂಬರ್ ಅಂದರೆ ರಜೆ. ನಮಗೆ ವರ್ಷದ ಸಂಬಳ ಬರುವ ತಿಂಗಳು. ಅರೇಬಿಕಾ ಜಾತಿಯ ಕಾಫಿ ಹಣ್ಣು ಕುಯ್ಯುವುದು ನವೆಂಬರ್‌ನಿಂದ ಜನವರಿವರೆಗೆ. ಗಿಡದಲ್ಲಿ ಎಲ್ಲ ಒಟ್ಟಿಗೇ ಹಣ್ಣಾಗುವುದಿಲ್ಲ. ಕೆಂಪಾದದ್ದನ್ನು ಮಾತ್ರ ಕುಯ್ದು, ಮತ್ತೆ ಅದೇ ಗಿಡಕ್ಕೆ ಮೂರು ನಾಲ್ಕು ಸುತ್ತು ಬರಬೇಕು. ಸಂಜೆ ನಾಲ್ಕೂವರೆಗೆ ಚೀಲಗಳು ತೂಕಕ್ಕೆ ಬರುತ್ತವೆ. ಸರಿಯಾಗಿ ಅದೇ ಹೊತ್ತಿಗೆ ಅತಿಥಿಗಳ ಕಾರು ಗೇಟಿನಲ್ಲಿ ಹಾರನ್ ಹೊಡೆಯುತ್ತದೆ. ಒಂದು ಕೈಯಲ್ಲಿ ತೂಕದ ಪುಸ್ತಕ, ಇನ್ನೊಂದು ಕೈಯಲ್ಲಿ ವೆಲ್‌ಕಮ್ ಡ್ರಿಂಕ್.

ಅವತ್ತು ಕುಯ್ದ ಹಣ್ಣನ್ನು ಅವತ್ತೇ ಪಲ್ಪ್ ಮಾಡಬೇಕು, ಅಂದರೆ ಮಷಿನ್‌ಗೆ ಹಾಕಿ ಸಿಪ್ಪೆ ಬಿಡಿಸಬೇಕು. ಇಟ್ಟರೆ ಹುಳಿ ಬಂದು ಕಾಫಿ ಕೆಡುತ್ತದೆ. ಪಲ್ಪರ್ ಹಾಕಿದರೆ ರಾತ್ರಿ ಎಂಟರವರೆಗೂ ಗಡಗಡ. ವಾಸನೆಯೂ ಹಾಗೇ, ಅರ್ಧ ಬೆಲ್ಲ ಅರ್ಧ ಹುಳಿ. ಹೋದ ವರ್ಷ ಒಬ್ಬರು ಎರಡು ಸ್ಟಾರ್ ಕೊಟ್ಟು ಬರೆದರು: "ಸಂಜೆ ಪೂರ್ತಿ ಮಷಿನ್ ಶಬ್ದ. ಓನರ್ ಮುಖಕ್ಕೆ ಕಾಫಿ ಸಿಪ್ಪೆ ಅಂಟಿಕೊಂಡಿತ್ತು."

ಸಿಪ್ಪೆ ಅಂಟಿದ್ದು ನಿಜ.

ಲೆಕ್ಕದ_ಮಾಸ್ತರ · ತುಮಕೂರು · ನವೆಂಬರ್ 10, ಬೆಳಿಗ್ಗೆ 9:30

ಕಷ್ಟ ಎಲ್ಲರಿಗೂ ಇದೆ ಅಕ್ಕ. ಆದರೆ ಜೂನ್‌ನಲ್ಲಿ ತಲೆಗೆ 1,800 ಇದ್ದದ್ದು ಡಿಸೆಂಬರ್ 31ಕ್ಕೆ 4,500 ಆಗುತ್ತದಲ್ಲ, ಅದು ಯಾವ ಲೆಕ್ಕ? ಅದೇ ಹಾಸಿಗೆ, ಅದೇ ಅಕ್ಕಿ ರೊಟ್ಟಿ.

ಎರಡು ವರ್ಷದ ಹಿಂದೆ ಒಂದು ಕಡೆ (ಹೆಸರು ಬೇಡ ಬಿಡಿ) "ಗಾಲಾ ಡಿನ್ನರ್ ಕಡ್ಡಾಯ" ಅಂತ ತಲೆಗೆ 2,000 ಬೇರೆ ಕಿತ್ತರು. ಗಾಲಾ ಅಂದರೆ ಏನು ಗೊತ್ತಾ? ತಣ್ಣಗಾದ ಗೋಬಿ ಮಂಚೂರಿ, ಒಂದು ಪೇಪರ್ ಟೋಪಿ, ಒಂದು ಪೀಪಿ. ನನ್ನ ಹೆಂಡತಿ ಆ ಪೀಪಿಯನ್ನು ಜೋಪಾನವಾಗಿ ಇಟ್ಟುಕೊಂಡಿದ್ದಾಳೆ. ನಾನು ಎಲ್ಲಾದರೂ ದಂಡಕ್ಕೆ ದುಡ್ಡು ಸುರಿದರೆ ತೆಗೆದು ಊದುತ್ತಾಳೆ.

ತೋಟದಮನೆ · ನವೆಂಬರ್ 10, ರಾತ್ರಿ 9:05

ಮಾಸ್ತರರೇ, ಪೀಪಿ ಓದಿ ನಮ್ಮ ಅತ್ತೆಗೂ ಓದಿ ಹೇಳಿದೆ. ಇಬ್ಬರಿಗೂ ನಕ್ಕು ಸಾಕಾಯಿತು.

4,500ಕ್ಕೆ ನಾನು ಜವಾಬು ಕೊಡಲಾರೆ. ನಮ್ಮಲ್ಲಿ ಊಟ ತಿಂಡಿ ಸೇರಿ 2,200 ಇರುವುದು ಆ ಹತ್ತು ದಿನ 2,800 ಆಗುತ್ತದೆ. ಕಾರಣ ಇದು. ಅಡುಗೆಗೆ ಬರುವ ಹೆಂಗಸು ಕುಯ್ಲಿಗೆ ಹೋದರೆ ಕೆಜಿ ಲೆಕ್ಕದಲ್ಲಿ ಚೆನ್ನಾಗಿ ದುಡಿಯುತ್ತಾಳೆ. ಅವಳನ್ನು ಅಡುಗೆಮನೆಯಲ್ಲಿ ಉಳಿಸಿಕೊಳ್ಳಬೇಕಾದರೆ ನಾನೂ ಅಷ್ಟು ಕೊಡಬೇಕು. ಕೆಲಸಕ್ಕೆ ಜನ ಸಿಗುವುದೇ ಕಷ್ಟ. ಅಸ್ಸಾಂ ಕಡೆಯಿಂದ ಬಂದವರು ಇಲ್ಲದಿದ್ದರೆ ಇಲ್ಲಿ ಎಷ್ಟೋ ತೋಟದಲ್ಲಿ ಹಣ್ಣು ಗಿಡದಲ್ಲೇ ಒಣಗುತ್ತಿತ್ತು.

ಮತ್ತೆ ಕಣದಲ್ಲಿ ಕಾಫಿ ಇರುವಷ್ಟು ದಿನ ರಾತ್ರಿ ಒಬ್ಬರು ಕಾಯಬೇಕು. ಬೆಲೆ ಏರಿದ ಮೇಲೆ ಕಳ್ಳರ ಕಾಟ ಜಾಸ್ತಿ. ನಮ್ಮ ಯಜಮಾನರು ಡಿಸೆಂಬರ್ ಪೂರ್ತಿ ಕಣದ ಪಕ್ಕದ ಶೆಡ್ಡಿನಲ್ಲೇ ಮಲಗುತ್ತಾರೆ, ಎರಡು ನಾಯಿಗಳ ಜೊತೆ. ಬಂದವರಿಗೆ ಹೋಂಸ್ಟೇ, ಅವರಿಗೆ ಶೆಡ್‌ಸ್ಟೇ.

ಕಿತ್ತಳೆ_ತೋಟ · ದಕ್ಷಿಣ ಕೊಡಗು · ನವೆಂಬರ್ 11, ಮಧ್ಯಾಹ್ನ 1:20

ನಮ್ಮ ಕಡೆ ಲೆಕ್ಕ ಸ್ವಲ್ಪ ಬೇರೆ. ಸಿದ್ದಾಪುರ, ವಿರಾಜಪೇಟೆ, ಪೊನ್ನಂಪೇಟೆ ಕಡೆ ರೊಬಸ್ಟಾ ಜಾತಿಯ ಕಾಫಿ ಜಾಸ್ತಿ. ಅದು ಹಣ್ಣಾಗುವುದು ನಿಧಾನ. ಕುಯ್ಲು ಜೋರಾಗುವುದು ಜನವರಿ ಆದಮೇಲೆ. ಹಾಗಾಗಿ ಕ್ರಿಸ್‌ಮಸ್ ವಾರವೇ ಬರಬೇಕು, ಮನೆಯವರು ಪುರುಸೊತ್ತಾಗಿ ಕೂತು ಮಾತಾಡಬೇಕು ಅಂದರೆ ಈ ಕಡೆ ನೋಡಿ. ಫೋನ್ ಮಾಡಿದಾಗ "ನಿಮ್ಮದು ಅರೇಬಿಕಾನಾ ರೊಬಸ್ಟಾನಾ" ಅಂತ ಒಂದು ಪ್ರಶ್ನೆ ಕೇಳಿ. ವೈಫೈ ಇದೆಯಾ ಅಂತ ಕೇಳುವುದಕ್ಕಿಂತ ಅದೇ ಉಪಯೋಗ.

ನಮಗೆ ಚಳಿಗಾಲದ ದೊಡ್ಡ ಹಬ್ಬ ಪುತ್ತರಿ. ನೀವು ಹುತ್ತರಿ ಅನ್ನುತ್ತೀರಿ. ನವೆಂಬರ್ ಕೊನೆಗೋ ಡಿಸೆಂಬರ್‌ನಲ್ಲೋ, ಹುಣ್ಣಿಮೆ ಹೊತ್ತಿಗೆ ಬರುತ್ತದೆ. ಕಕ್ಕಬ್ಬೆಯ ಪಾಡಿ ಇಗ್ಗುತ್ತಪ್ಪನ ಸನ್ನಿಧಿಯಲ್ಲಿ ಮುಹೂರ್ತ ಗೊತ್ತುಮಾಡುತ್ತಾರೆ. ರಾತ್ರಿ ಎಲ್ಲರೂ ಗದ್ದೆಗಿಳಿದು, ಕೋವಿಯಿಂದ ಗುಂಡು ಹಾರಿಸಿ, ಭತ್ತದ ಕದಿರು ಕೊಯ್ದು, "ಪೊಲಿ ಪೊಲಿ ದೇವಾ" ಅಂತ ಕೂಗುತ್ತಾ ಮನೆಗೆ ತರುತ್ತೇವೆ. ಆಮೇಲೆ ತಂಬಿಟ್ಟು, ಪುತ್ತರಿ ಗೆಣಸು, ಊಟ.

ಆ ದಿನ ನಮ್ಮ ಹೋಂಸ್ಟೇ ಬಾಗಿಲು ಹಾಕಿರುತ್ತದೆ. ಎಲ್ಲರೂ ಐನ್‌ಮನೆಯಲ್ಲಿ, ಅಂದರೆ ನಮ್ಮ ಮನೆತನದ ಮೂಲ ಮನೆಯಲ್ಲಿ ಇರುತ್ತೇವೆ. ಒಂದು ವರ್ಷ ಗೊತ್ತಾಗದೆ ಬುಕಿಂಗ್ ತೆಗೆದುಕೊಂಡಿದ್ದೆ. ಕೊನೆಗೆ ಆ ಗಂಡ ಹೆಂಡತಿಯನ್ನೂ ಐನ್‌ಮನೆಗೇ ಕರೆದುಕೊಂಡು ಹೋದೆ. ಪಾಪ, ಗುಂಡಿನ ಶಬ್ದಕ್ಕೆ ಅವರ ಎದೆ ಝಲ್ ಅಂದಿರಬೇಕು. ಆದರೆ ಈಗಲೂ ಪ್ರತಿ ವರ್ಷ ಫೋನ್ ಮಾಡಿ "ಈ ಸಲ ಪುತ್ತರಿ ಯಾವಾಗ" ಅಂತ ಕೇಳುತ್ತಾರೆ.

ಇನ್ನೊಂದು ಮಾತು. ಕತ್ತಲಾದ ಮೇಲೆ ತೋಟದೊಳಗೆ ವಾಕಿಂಗ್ ಬೇಡವೇ ಬೇಡ. ಆನೆಗೆ ನಿಮ್ಮ ರಜೆ ಗೊತ್ತಾಗುವುದಿಲ್ಲ.

ಸ್ಟೀರಿಂಗ್ · ಹಾಸನ · ನವೆಂಬರ್ 11, ರಾತ್ರಿ 8:44

ಇಪ್ಪತ್ತು ವರ್ಷದಿಂದ ಟ್ಯಾಕ್ಸಿ ಓಡಿಸುತ್ತಿದ್ದೇನೆ. ದಾರಿ ವಿಷಯ ನನ್ನಿಂದ ಕೇಳಿ.

ರಜೆ ಶುರುವಾಗುವ ದಿನ ಬೆಳಿಗ್ಗೆ ಐದಕ್ಕೆ ನೆಲಮಂಗಲ ಟೋಲ್ ದಾಟಿರಬೇಕು. ಏಳಕ್ಕೆ ಹೊರಟರೆ ಅಲ್ಲೇ ಒಂದು ಗಂಟೆ ನಿಲ್ಲುತ್ತೀರಿ. ಹಾಸನ, ಬೇಲೂರು, ಮೂಡಿಗೆರೆ. ಬೇಲೂರಿನಿಂದ ಮುಂದೆ ರಸ್ತೆ ಸಣ್ಣದು, ತಿರುವು ಜಾಸ್ತಿ, ಮಗುವಿಗೆ ಹೊಟ್ಟೆ ತುಂಬಾ ತಿಂಡಿ ಕೊಡಬೇಡಿ.

ದತ್ತ ಜಯಂತಿ ಯಾವಾಗ ಅಂತ ಕ್ಯಾಲೆಂಡರ್ ನೋಡಿಕೊಳ್ಳಿ. ಮಾರ್ಗಶಿರ ಹುಣ್ಣಿಮೆ. ಆ ದಿನಗಳಲ್ಲಿ ಬಾಬಾಬುಡನ್‌ಗಿರಿ, ಮುಳ್ಳಯ್ಯನಗಿರಿ ಕಡೆ ಪ್ರವಾಸಿಗರನ್ನು ಬಿಡುವುದಿಲ್ಲ. 2023ರಲ್ಲಿ ಡಿಸೆಂಬರ್ 26ಕ್ಕೇ ಬಂದಿತ್ತು. ಕ್ರಿಸ್‌ಮಸ್ ರಜೆಗೆ ಅಂತ ಬಂದವರು ಎಷ್ಟು ಜನ ಕೆಳಗಿನಿಂದಲೇ ಬೆಟ್ಟ ನೋಡಿ ವಾಪಸ್ ಹೋದರೋ. ಉಳಿದ ದಿನಕ್ಕೂ ಈಗ ಗಾಡಿಯನ್ನು ಮೊದಲೇ ಆನ್‌ಲೈನ್‌ನಲ್ಲಿ ನೋಂದಣಿ ಮಾಡಿಸಬೇಕು. ಮುಳ್ಳಯ್ಯನಗಿರಿ 1,930 ಮೀಟರ್, ರಾಜ್ಯದಲ್ಲೇ ಎತ್ತರ. ಆದರೆ ಡಿಸೆಂಬರ್ ಕೊನೆ ವಾರ ಅಲ್ಲಿ ಕಾಣುವುದು ಮುಂದಿನ ಗಾಡಿಯ ನಂಬರ್ ಪ್ಲೇಟ್ ಮಾತ್ರ.

ನಿಮ್ಮ ಅಪ್ಪನಿಗೆ ಮೊಣಕಾಲು ನೋವು ಅಂದಿರಲ್ಲ, ಒಂದು ಬೆಳಿಗ್ಗೆ ಕೊಟ್ಟಿಗೆಹಾರಕ್ಕೆ ಹೋಗಿ ನೀರುದೋಸೆ ತಿಂದು ಬನ್ನಿ. ಕಾರಿನಿಂದ ಇಳಿದು ಹತ್ತು ಹೆಜ್ಜೆ. ಅಲ್ಲಿಂದ ಮುಂದೆ ಚಾರ್ಮಾಡಿ ಘಾಟಿಗೆ ಇಳಿಯುವುದಾದರೆ ಹಗಲು ಹೊತ್ತು. ಮಂಜು ಬಿದ್ದರೆ ಬಾನೆಟ್ಟೂ ಕಾಣಿಸುವುದಿಲ್ಲ.

ಸದಾ_ರಜೆ · ನವೆಂಬರ್ 12, ಮಧ್ಯಾಹ್ನ 3:02

ಇಷ್ಟೆಲ್ಲ ಇದೆ ಅಂತ ಗೊತ್ತೇ ಇರಲಿಲ್ಲ. ಅಮ್ಮನ ಪ್ರಶ್ನೆ ಒಂದೇ: ಸ್ನಾನಕ್ಕೆ ಬಿಸಿನೀರು ಇರುತ್ತದಾ? ಮಗನ ಪ್ರಶ್ನೆ: ಜಿಗಣೆ ಇರುತ್ತದಾ? ಹೆಂಡತಿಯ ಪ್ರಶ್ನೆ: ರೂಮಿನಲ್ಲಿ ಹೀಟರ್ ಇರುತ್ತದಾ? ನನ್ನದು ಏನೂ ಇಲ್ಲ. ನನಗೆ ಸುಮ್ಮನೆ ಕೂರಬೇಕು, ಅಷ್ಟೇ.

ತೋಟದಮನೆ · ನವೆಂಬರ್ 12, ರಾತ್ರಿ 9:31

ಜಿಗಣೆ ಮಳೆಗಾಲದ ನೆಂಟ. ಡಿಸೆಂಬರ್‌ಗೆ ಇರುವುದಿಲ್ಲ.

ಬಿಸಿನೀರಿನದ್ದು ಕೇಳಿ. ಐದು ವರ್ಷದ ಹಿಂದೆ ಸಾಲ ಮಾಡಿ ಸೋಲಾರ್ ಹಾಕಿಸಿದೆವು. ನಮ್ಮಲ್ಲಿ ಡಿಸೆಂಬರ್‌ನಲ್ಲಿ ಒಂಬತ್ತೂವರೆವರೆಗೂ ಮಂಜು, ನಾಲ್ಕಕ್ಕೆ ಬಿಸಿಲು ಮರದ ಹಿಂದೆ. ಪೇಟೆಯವರು ಬೆಳಿಗ್ಗೆ ಎದ್ದು ನಲ್ಲಿ ತಿರುಗಿಸಿದರೆ ಬರುವುದು ಐಸು. ಈಗ ಮತ್ತೆ ಹಳೇ ಬಚ್ಚಲ ಒಲೆಗೇ ಬಂದಿದ್ದೇವೆ. ತಾಮ್ರದ ಹಂಡೆ, ಕೆಳಗೆ ಕಾಫಿ ಗಿಡ ಸವರಿದಾಗ ಬಿದ್ದ ಕೊಂಬೆ. ರಾತ್ರಿ ದೊಡ್ಡದೊಂದು ಕೊರಡು ತುರುಕಿಟ್ಟರೆ ಬೆಳಿಗ್ಗೆವರೆಗೂ ನೀರು ಸುಡುತ್ತಿರುತ್ತದೆ. ಅಮ್ಮನಿಗೆ ಹೇಳಿ, ತಣ್ಣೀರು ಬೆರೆಸಿಕೊಳ್ಳದಿದ್ದರೆ ಚರ್ಮ ಕಿತ್ತು ಬರುತ್ತದೆ ಅಂತ.

ಹೀಟರ್ ಇಲ್ಲ. ಎರಡು ರಗ್ಗು ಕೊಡುತ್ತೇವೆ. ಹೋದ ಜನವರಿಯಲ್ಲಿ ನಮ್ಮ ಜಗಲಿಯ ಥರ್ಮಾಮೀಟರ್ ಒಂದು ಬೆಳಿಗ್ಗೆ 11 ತೋರಿಸಿತ್ತು. ಸ್ವೆಟರ್ ತನ್ನಿ.

ಮದ್ದಿನ_ಚೀಟಿ · ಮಲೆನಾಡು · ನವೆಂಬರ್ 13, ಬೆಳಿಗ್ಗೆ 7:15

ಹೀಟರ್ ಮಾತು ಬಂದಿದ್ದಕ್ಕೆ ಹೇಳುತ್ತೇನೆ. ಚಳಿ ಅಂತ ಕೆಂಡದ ಅಗ್ಗಿಷ್ಟಿಕೆ ತಂದು ಮಲಗುವ ಕೋಣೆಯಲ್ಲಿಟ್ಟು ಬಾಗಿಲು ಕಿಟಕಿ ಮುಚ್ಚಬೇಡಿ. ಕೆಂಡದಿಂದ ಕಾರ್ಬನ್ ಮೊನಾಕ್ಸೈಡ್ ಬರುತ್ತದೆ. ಬಣ್ಣ ಇಲ್ಲ, ವಾಸನೆ ಇಲ್ಲ. ನಿದ್ದೆಯಲ್ಲಿದ್ದವರಿಗೆ ಗೊತ್ತೇ ಆಗುವುದಿಲ್ಲ. ಬೆಂಕಿ ಕಾಯಿಸುವುದು ಜಗಲಿಯಲ್ಲಿ ಅಥವಾ ಅಂಗಳದಲ್ಲಿ.

ಎರಡನೆಯದು, ಜಿಗಣೆ ಇಲ್ಲ ಅಂತ ಖುಷಿಪಟ್ಟು ಒಣ ಎಲೆ ಮೇಲೆ ಕಾಲು ಚಾಚಿ ಕೂರಬೇಡಿ. ಮಳೆಗಾಲಕ್ಕೆ ಜಿಗಣೆ, ಬೇಸಿಗೆ ಮುಗಿಯುವವರೆಗೆ ಉಣುಗು. ಮಂಗನ ಕಾಯಿಲೆ ಹರಡುವುದು ಉಣುಗಿನಿಂದ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗೊತ್ತಾಗಿದ್ದು, ಅದಕ್ಕೇ ಕೆಎಫ್‌ಡಿ (ಕ್ಯಾಸನೂರು ಫಾರೆಸ್ಟ್ ಡಿಸೀಸ್) ಅನ್ನುತ್ತಾರೆ. ತೀರ್ಥಹಳ್ಳಿ, ಸಾಗರ, ಕೊಪ್ಪ, ಎನ್.ಆರ್. ಪುರ, ಶೃಂಗೇರಿ ಕಡೆ ಹೋಗುವವರು ಕಾಡಿಗೆ ಕಾಲಿಡುವ ಮುಂಚೆ ಅಲ್ಲಿನವರನ್ನು ಕೇಳಿ. ಉದ್ದ ಪ್ಯಾಂಟು ಹಾಕಿ. ಉಣುಗು ಹತ್ತದಂತೆ ಆರೋಗ್ಯ ಇಲಾಖೆಯವರು ಡೆಪಾ ಎಣ್ಣೆ ಕೊಡುತ್ತಾರೆ, ಹಚ್ಚಿಕೊಳ್ಳಿ. ಸತ್ತ ಮಂಗ ಕಂಡರೆ ಫೋಟೋ ತೆಗೆಯಲು ಹತ್ತಿರ ಹೋಗಬೇಡಿ, ಊರಿನವರಿಗೆ ತಿಳಿಸಿ. ಊರಿಗೆ ವಾಪಸ್ ಹೋದ ಮೇಲೆ ಜ್ವರ ಬಂದರೆ ಡಾಕ್ಟರಿಗೆ "ಮಲೆನಾಡಿಗೆ ಹೋಗಿದ್ದೆ" ಅಂತ ಬಾಯಿಬಿಟ್ಟು ಹೇಳಿ.

ಹೆದರಿಸುವುದಕ್ಕೆ ಹೇಳಿದ್ದಲ್ಲ. ಹೋಗಿ ಬನ್ನಿ.

ಹಿಮದ_ನಡುವೆ · ಬಾಸ್ಟನ್ · ನವೆಂಬರ್ 14, ಬೆಳಿಗ್ಗೆ 6:50

ಇದನ್ನು ಓದುವಾಗ ನನಗೆ ಒಂದು ವಿಷಯ ಹೊಳೆಯಿತು. ನಾವು ಇಲ್ಲಿಂದ ಕ್ರಿಸ್‌ಮಸ್ ಹೊತ್ತಿಗೆ ವರ್ಮಾಂಟ್ ಬೆಟ್ಟಗಳಲ್ಲಿ ಒಂದು ಹಳ್ಳಿ ಇನ್‌ಗೆ ಹೋಗುತ್ತೇವೆ. ಎಂಟು ರೂಮು, ಗಂಡ ಹೆಂಡತಿ ನಡೆಸುತ್ತಾರೆ. ಸಂಜೆ ನಾಲ್ಕೂಕಾಲಿಗೆಲ್ಲ ಕತ್ತಲು. ಹೊರಗೆ ಮೊಣಕಾಲುದ್ದ ಹಿಮ, ಒಳಗೆ ಕಟ್ಟಿಗೆ ಒಲೆ. ಆ ಅಜ್ಜ ನಮ್ಮ ಜೊತೆ ಕೂತು ಗಂಟೆಗಟ್ಟಲೆ ಹರಟುತ್ತಾರೆ. ಇಷ್ಟು ಪುರುಸೊತ್ತು ಹೇಗಪ್ಪಾ ಅಂದುಕೊಳ್ಳುತ್ತಿದ್ದೆ.

ಈಗ ಅರ್ಥ ಆಯಿತು. ಡಿಸೆಂಬರ್‌ನಲ್ಲಿ ಅಲ್ಲಿ ಹೊಲ ಮಲಗಿರುತ್ತದೆ. ಅವರ ಸುಗ್ಗಿ ಮೇಪಲ್ ರಸದ್ದು, ಫೆಬ್ರವರಿ ಕೊನೆಯಿಂದ ಏಪ್ರಿಲ್‌ವರೆಗೆ. ರಾತ್ರಿ ಹೆಪ್ಪುಗಟ್ಟಿ ಹಗಲು ಕರಗುವ ಹವೆ ಬಂದರೆ ಮಾತ್ರ ಮರದಿಂದ ರಸ ಇಳಿಯುತ್ತದೆ. ಸುಮಾರು 40 ಲೀಟರ್ ರಸ ಕುದಿಸಿದರೆ ಒಂದು ಲೀಟರ್ ಸಿರಪ್. ನಮ್ಮ ಆಲೆಮನೆ ಥರವೇ, ಹಗಲೂ ರಾತ್ರಿ ಒಲೆ ಮುಂದೆ. ಆದರೆ ಹಿಮ ಕರಗಿ ರಸ್ತೆ ಎಲ್ಲ ಕೆಸರಾಗುವ ಆ ಹೊತ್ತಿಗೆ ಪ್ರವಾಸಿಗರು ಕಡಿಮೆ, ಎಷ್ಟೋ ಇನ್‌ಗಳು ಬಾಗಿಲೇ ಹಾಕುತ್ತವೆ. ರಜೆಯೂ ಸುಗ್ಗಿಯೂ ಅಲ್ಲಿ ಡಿಕ್ಕಿ ಹೊಡೆಯುವುದಿಲ್ಲ. ನಿಮ್ಮಲ್ಲಿ ಎರಡೂ ಒಂದೇ ವಾರ. ಪಾಪ ಅಕ್ಕ.

ಹೊಟ್ಟೆಕಿಚ್ಚಿಗೆ ಒಂದು ಮಾತು: ಇಲ್ಲಿ ಕಾಫಿ ನೀರಿನ ಹಾಗಿರುತ್ತದೆ.

ಘಟ್ಟದ_ಕೆಳಗೆ · ಮಂಗಳೂರು · ನವೆಂಬರ್ 14, ರಾತ್ರಿ 10:20

ಮಲೆನಾಡಿನಲ್ಲಿ ಕ್ರಿಸ್‌ಮಸ್ ಅಂದರೆ ಪೇಟೆಯವರ ಪಾರ್ಟಿ ಮಾತ್ರ ಅಂದುಕೊಳ್ಳಬೇಡಿ. ನಮ್ಮ ಅಮ್ಮನ ತಮ್ಮ ಕಳಸದ ಹತ್ತಿರ ಸಣ್ಣ ತೋಟ ಮಾಡಿದ್ದಾರೆ. ಡಿಸೆಂಬರ್ 24ರ ರಾತ್ರಿ ಪೂಜೆಗೆ ಜೀಪಿನಲ್ಲಿ ಒಬ್ಬರ ಮೇಲೊಬ್ಬರು ಕೂತು ಇಗರ್ಜಿಗೆ ಹೋಗುತ್ತಿದ್ದೆವು. ವಾಪಸ್ ಬರುವಾಗ ಚಳಿಗೆ ಹಲ್ಲು ಕಟಕಟ. ಮನೆಯಲ್ಲಿ ಮಾಮಿ ಮಾಡಿಟ್ಟ ಕುಸ್ವಾರ್, ಅಂದರೆ ಕ್ರಿಸ್‌ಮಸ್ ತಿಂಡಿಗಳು. ನೆವ್ರಿ, ಕಿಡಿಯೊ, ಗುಳಿಯೊ, ಅಕ್ಕಿ ಲಡ್ಡು. ಮಾರನೇ ದಿನ ತಟ್ಟೆ ತುಂಬಿ, ಬಟ್ಟೆ ಮುಚ್ಚಿ, ಅಕ್ಕಪಕ್ಕದ ತೋಟದ ಮನೆಗಳಿಗೆಲ್ಲ ಹಂಚುವುದು ಮಕ್ಕಳಾದ ನಮ್ಮ ಕೆಲಸ. ತಟ್ಟೆ ಖಾಲಿ ವಾಪಸ್ ಬಂದದ್ದು ನನಗೆ ನೆನಪಿಲ್ಲ. ಒಂದು ಹಿಡಿ ಸಕ್ಕರೆಯಾದರೂ ಇರುತ್ತಿತ್ತು.

ಆ ದಿನ ಮಾಮ ಕುಯ್ಲಿಗೆ ರಜೆ ಕೊಡುತ್ತಿದ್ದರು. ಆದರೆ ಅವರು ಮಾತ್ರ ಹೊಸ ಶರ್ಟ್ ಹಾಕಿಕೊಂಡೇ ಕಣಕ್ಕೆ ಹೋಗಿ ಕಾಫಿ ತಿರುವಿ ಬರುತ್ತಿದ್ದರು. ಬಿಸಿಲಿಗೆ ಹಬ್ಬ ಗೊತ್ತಿಲ್ಲ ಅನ್ನುತ್ತಿದ್ದರು.

ರಾತ್ರಿರಾಜ · ನವೆಂಬರ್ 15, ರಾತ್ರಿ 11:58

ಇಷ್ಟೆಲ್ಲ ಕಥೆ ಯಾಕೆ? ದುಡ್ಡು ಕೊಟ್ಟ ಮೇಲೆ ನಮ್ಮಿಷ್ಟ. 31ಕ್ಕೆ ಡಿಜೆ ಇಲ್ಲ ಅಂದರೆ ಅಂಥ ಜಾಗಕ್ಕೆ ಹೋಗುವುದೇ ವೇಸ್ಟು.

ಕಿತ್ತಳೆ_ತೋಟ · ನವೆಂಬರ್ 16, ಬೆಳಿಗ್ಗೆ 8:10

ಬರಬೇಡಿ ತಮ್ಮಾ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಹೊರಗೆ ಸ್ಪೀಕರ್ ಹಾಕುವಂತಿಲ್ಲ ಅಂತ ಕಾನೂನೇ ಇದೆ, 2000ದಿಂದ. ಅದಕ್ಕಿಂತ ಹೆಚ್ಚಾಗಿ, ನಮ್ಮ ತೋಟದ ಕೆಲಸದವರ ಲೈನ್ ಮನೆಗಳಲ್ಲಿ ಬೆಳಿಗ್ಗೆ ಆರಕ್ಕೆ ಏಳುವವರು ಇದ್ದಾರೆ.

ನಿರ್ವಾಹಕ · ನವೆಂಬರ್ 16, ಬೆಳಿಗ್ಗೆ 9:00

ಡಿಜೆ ಜಗಳಕ್ಕೆ ಬೇರೆ ಚರ್ಚೆ ಶುರುಮಾಡಿ. ಇಲ್ಲಿ ಬಂದ ಒಂಬತ್ತು ಪ್ರತಿಕ್ರಿಯೆ ತೆಗೆದಿದ್ದೇನೆ.

ತೋಟದಮನೆ · ನವೆಂಬರ್ 22, ರಾತ್ರಿ 9:40

ಸದಾ_ರಜೆ ಅವರೇ, ಇನ್ನೂ ಹುಡುಕುತ್ತಿದ್ದೀರಾ? ನಮ್ಮಲ್ಲಿ 25ರಿಂದ 28ಕ್ಕೆ ಇದ್ದ ಒಂದು ಬುಕಿಂಗ್ ಕ್ಯಾನ್ಸಲ್ ಆಗಿದೆ. ಎರಡು ರೂಮು ಖಾಲಿ. ಎರಡೇ ಷರತ್ತು. ಮಧ್ಯಾಹ್ನ ಎರಡರ ಒಳಗೆ ಬಂದುಬಿಡಿ, ತೂಕದ ಹೊತ್ತಿಗೆ ಬೇಡ. ಮತ್ತೆ ಸಂಜೆ ಕಾಫಿಗೆ ನನ್ನನ್ನು ಕಾಯಬೇಡಿ, ಅಡುಗೆಮನೆಗೆ ಹೋಗಿ ನೀವೇ ಬಗ್ಗಿಸಿಕೊಳ್ಳಿ. ಡಿಕಾಕ್ಷನ್ ಒಲೆ ಪಕ್ಕ ಇರುತ್ತದೆ. ನಿರ್ವಾಹಕರೇ, ಇದು ಜಾಹೀರಾತು ಅನಿಸಿದರೆ ತೆಗೆದುಬಿಡಿ.

ನಿರ್ವಾಹಕ · ನವೆಂಬರ್ 22, ರಾತ್ರಿ 10:15

"ನೀವೇ ಬಗ್ಗಿಸಿಕೊಳ್ಳಿ" ಅನ್ನುವ ಜಾಹೀರಾತು ನಾನು ನೋಡಿಲ್ಲ. ಇರಲಿ.

ಸದಾ_ರಜೆ · ಜನವರಿ 3, ರಾತ್ರಿ 9:20

ಹೋಗಿ ಬಂದೆವು. ಕೇಳಿದವನು ವರದಿಯನ್ನೂ ಒಪ್ಪಿಸಬೇಕಲ್ಲ.

ಸ್ಟೀರಿಂಗ್ ಅಣ್ಣ ಹೇಳಿದ ಹಾಗೆ ಬೆಳಿಗ್ಗೆ ಐದಕ್ಕೆ ನೆಲಮಂಗಲ ದಾಟಿದೆವು. ಮಗ ಬೇಲೂರು ಆದಮೇಲೆ ಒಂದೇ ಸಲ ವಾಂತಿ ಮಾಡಿದ. ಹನ್ನೆರಡಕ್ಕೆ ತೋಟ ತಲುಪಿ ಷರತ್ತು ಪಾಲಿಸಿದೆವು.

ಮೊದಲ ಸಂಜೆ ನಾನು ಜಗಲಿಯ ಬೆತ್ತದ ಕುರ್ಚಿಯಲ್ಲಿ ಕೂತೆ. ಕೈಯಲ್ಲಿ ಕಾಫಿ. ಪಲ್ಪರ್ ಶುರುವಾಯಿತು. ಹತ್ತು ನಿಮಿಷ ಕಿರಿಕಿರಿ ಆಯಿತು ನಿಜ. ಆಮೇಲೆ ರೈಲಿನಲ್ಲಿ ಕೂತ ಹಾಗೆ, ಕಿವಿಗೆ ಅಭ್ಯಾಸ ಆಗಿ ಅಲ್ಲೇ ನಿದ್ದೆ ಬಂತು.

ಎರಡನೇ ದಿನ ಮಧ್ಯಾಹ್ನ ಮೂರೂವರೆ. ಬಂಗಾಳ ಕೊಲ್ಲಿಯಲ್ಲಿ ಏನೋ ವಾಯುಭಾರ ಕುಸಿತ ಅಂತ ಬೆಳಿಗ್ಗೆ ರೇಡಿಯೋದಲ್ಲಿ ಹೇಳಿದ್ದರು. ಕಣದ ತುಂಬ ಪಾರ್ಚ್‌ಮೆಂಟ್ ಹರವಿತ್ತು. ಸಿಪ್ಪೆ ತೆಗೆದು ತೊಳೆದ ಕಾಫಿ, ಕೆನೆ ಬಣ್ಣ, ನೋಡಲು ಕಡಲೆಬೇಳೆ ಹರವಿದ ಹಾಗೆ. ಮೂಡಲ ಕಡೆ ಕಪ್ಪಾಯಿತು. ಯಜಮಾನರು ಶೆಡ್ಡಿನಿಂದ ಒಂದು ಕೂಗು ಹಾಕಿದರು, ನನಗೆ ಏನಂದರು ಅಂತಲೂ ಗೊತ್ತಾಗಲಿಲ್ಲ. ಅಡುಗೆಯವರು ಸೌಟು ಬಿಟ್ಟು ಓಡಿದರು. ಅಕ್ಕ ಓಡಿದರು. ನೋಡಿದರೆ ನನ್ನ ಹೆಂಡತಿಯೂ ಓಡುತ್ತಿದ್ದಾಳೆ.

ನಾನೂ ಹೋದೆ. ಮರದ ಹಲಗೆಗೆ ಉದ್ದನೆ ಕೋಲು ಹಾಕಿದ್ದು ಒಂದನ್ನು ಕೈಗೆ ಕೊಟ್ಟು "ತಳ್ಳಿ, ತಳ್ಳಿ, ಗುಡ್ಡೆ ಮಾಡಿ" ಅಂದರು. ಕಾಫಿ ಇಷ್ಟು ಭಾರ ಅಂತ ಗೊತ್ತಿರಲಿಲ್ಲ. ನಾಲ್ಕು ಸಲ ತಳ್ಳುವಷ್ಟರಲ್ಲಿ ಉಸಿರು ಮೇಲಕ್ಕೆ. ಮೊದಲ ಹನಿ ನನ್ನ ಕುತ್ತಿಗೆ ಮೇಲೆ ಬಿತ್ತು. ನೀಲಿ ಟಾರ್ಪಲ್‌ನ ಒಂದು ಮೂಲೆ ನನ್ನ ಹೆಂಡತಿ, ಇನ್ನೊಂದು ಮೂಲೆ ಅಕ್ಕನ ಎಪ್ಪತ್ತು ದಾಟಿದ ಅತ್ತೆ. ಗಾಳಿಗೆ ಟಾರ್ಪಲ್ ಹಾರಿ ಅತ್ತೆಯನ್ನೇ ಎಳೆದುಕೊಂಡು ಹೋಗುತ್ತದೆ ಅನಿಸಿತು. ಮಗ ಕಲ್ಲು ಹೊತ್ತು ತಂದು ಅಂಚಿಗೆ ಇಡುತ್ತಿದ್ದ, ಹೇಳಿಕೊಟ್ಟವರು ಯಾರೋ ಗೊತ್ತಿಲ್ಲ. ಎಲ್ಲ ಮುಚ್ಚಿದ ಮೇಲೆ ಮಳೆ ಬಂದಿದ್ದು ಐದೇ ನಿಮಿಷ. ಎಲ್ಲರೂ ಶೆಡ್ಡಿನಲ್ಲಿ ನಿಂತು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ನನ್ನ ಮುಖಕ್ಕೆ ಸಿಪ್ಪೆ ಅಂಟಿತ್ತಂತೆ. ಎರಡು ಸ್ಟಾರ್ ಅಂದಳು ಹೆಂಡತಿ.

ಅಪ್ಪನ ಕಥೆ ಬೇರೆ. ಅವರು ಬ್ಯಾಂಕಿನಲ್ಲಿ ಮೂವತ್ತೆರಡು ವರ್ಷ ಕ್ಯಾಷ್ ನೋಡಿದವರು. ಮಾರನೇ ದಿನ ಸುಮ್ನೆ ಕೂರಲಾಗದೆ ಶೆಡ್ಡಿಗೆ ಹೋದರು. ಅಲ್ಲಿ ಇಬ್ಬರು ಹೆಂಗಸರು ಮೊರದಲ್ಲಿ ಕಾಫಿ ಹಾಕಿಕೊಂಡು ಪಲ್ಪರ್‌ಗೆ ಸಿಕ್ಕಿ ಸೀಳಿದ್ದನ್ನು, ಕಪ್ಪಾದದ್ದನ್ನು ಆರಿಸುತ್ತಿದ್ದರು. ಅಪ್ಪನೂ ಒಂದು ಮೊರ ಕೇಳಿ ಪಡೆದರು. ಊಟಕ್ಕೆ ಕರೆದರೆ "ಈ ಮೊರ ಟ್ಯಾಲಿ ಮಾಡಿ ಬರುತ್ತೇನೆ" ಅಂದರು. ಮೊಣಕಾಲಿನ ಸುದ್ದಿ ಮೂರು ದಿನ ಎತ್ತಲಿಲ್ಲ.

ಅಮ್ಮ ಬಚ್ಚಲ ಒಲೆ ಮುಂದೆ ಅತ್ತೆಯ ಜೊತೆ ಕೂತವರು ಏಳಲೇ ಇಲ್ಲ. ಗಾಂಧಾರಿ ಮೆಣಸಿನ ಚಟ್ನಿ, ಕಡುಬು, ಸೊಸೆಯಂದಿರು, ಎಲ್ಲ ವಿಷಯ ಚರ್ಚೆ ಆಗಿದೆ. ನನ್ನನ್ನು ಮೂರು ದಿನ ಯಾರೂ ಮಾತಾಡಿಸಬಾರದು ಅಂದಿದ್ದೆನಲ್ಲ, ನಿಜವಾಗಿಯೂ ಯಾರೂ ಮಾತಾಡಿಸಲಿಲ್ಲ. ಯಾರಿಗೂ ಪುರುಸೊತ್ತೇ ಇರಲಿಲ್ಲ.

ಒಂದು ದೂರು ಇದೆ. ಫೋನಿಗೆ ಸಿಗ್ನಲ್ ಸಿಗಬೇಕಾದರೆ ಗೇಟಿನ ಹತ್ತಿರದ ಹಲಸಿನ ಮರದ ಕೆಳಗೇ ನಿಲ್ಲಬೇಕು. ಬುಕ್ ಮಾಡುವಾಗ ಅಕ್ಕ ಇದನ್ನು ಹೇಳಿರಲಿಲ್ಲ.

ಲೆಕ್ಕದ_ಮಾಸ್ತರ · ಜನವರಿ 4, ಬೆಳಿಗ್ಗೆ 7:30

ಅಂದರೆ ನೀವು ತಲೆಗೆ 2,800 ಕೊಟ್ಟು, ಇಡೀ ಕುಟುಂಬ ಸಮೇತ ಕೂಲಿ ಮಾಡಿ ಬಂದಿರಿ. ಪೀಪಿ ಕಳಿಸಿಕೊಡಲೇ?

ಸದಾ_ರಜೆ · ಜನವರಿ 4, ಬೆಳಿಗ್ಗೆ 8:02

ಕಳಿಸಿ ಮಾಸ್ತರರೇ, ಮಗನಿಗೆ ಆಗುತ್ತದೆ. ಅವನು ಈಗ ಮನೆಯಲ್ಲಿ ಸಿಕ್ಕ ಸಿಕ್ಕ ಕಾಳನ್ನೆಲ್ಲ ಮುಷ್ಟಿಯಲ್ಲಿ ಹಿಡಿದು ಕಿವಿ ಹತ್ತಿರ ಅಲ್ಲಾಡಿಸುತ್ತಿದ್ದಾನೆ. ಸಿಪ್ಪೆ ಸಮೇತ ಒಣಗಿಸುವ ಚೆರ್ರಿ ಕಾಫಿ ಹಾಗೆ ಗಿಲಗಿಲ ಅಂದರೆ ಒಣಗಿದೆ ಅಂತ ಲೆಕ್ಕವಂತೆ, ಯಜಮಾನರು ಕಲಿಸಿಕೊಟ್ಟಿದ್ದಾರೆ. ನಿನ್ನೆ ತೊಗರಿಬೇಳೆಗೂ ಸರ್ಟಿಫಿಕೇಟ್ ಕೊಟ್ಟ.

ತೋಟದಮನೆ · ಜನವರಿ 6, ಬೆಳಿಗ್ಗೆ 5:52

ಸಿಗ್ನಲ್ ವಿಷಯ ಹೇಳಿದರೆ ನೀವು ಬರುತ್ತಿರಲಿಲ್ಲ, ಅದಕ್ಕೇ ಹೇಳಲಿಲ್ಲ.

ನಿಮ್ಮ ಅಪ್ಪ ಆರಿಸಿದ ಮೊರದಲ್ಲಿ ನಾನು ಮತ್ತೆ ನೋಡಿದೆ, ಒಂದೇ ಒಂದು ಕಪ್ಪು ಬೀಜ ಇರಲಿಲ್ಲ. ಮುಂದಿನ ಡಿಸೆಂಬರ್‌ಗೆ ಅವರೊಬ್ಬರನ್ನೇ ಕಳಿಸಿದರೂ ಸಾಕು, ರೂಮಿಗೆ ದುಡ್ಡು ಬೇಡ.

ಚೆರ್ರಿ ರಾಶಿ ಚೀಲಕ್ಕೆ ತುಂಬುವಾಗ ಒಂದು ನೀಲಿ ಸಾಕ್ಸ್ ಸಿಕ್ಕಿತು, ಚಿಕ್ಕದು. ಚೆನ್ನಾಗಿ ಒಣಗಿದೆ. ಕಾಫಿಪುಡಿ ಜೊತೆ ಪಾರ್ಸೆಲ್ ಹಾಕಿದ್ದೇನೆ. ಇನ್ನೊಂದು ಸಿಕ್ಕಿಲ್ಲ, ರೊಬಸ್ಟಾ ಕುಯ್ಲು ಮುಗಿಯುವುದರೊಳಗೆ ಸಿಕ್ಕರೆ ಹೇಳುತ್ತೇನೆ.